ಆಯಿಲ್ ಡಬ್ಬದ ಹಿಂಬದಿ

ಪ್ರಿಯ ಓದುಗ ಮಿತ್ರರೇ,

ನಿಮ್ಮ ಪತ್ರ ಸೇರಿತು. ನಿಮ್ಮ ತಾಲ್ಲೂಕಿನ ಪೇಟೆಯಲ್ಲಿ ಎಂಜಿನ್ ಆಯಿಲ್ ಅರ್ಧ ಬೆಲೆಗೆ ಸಿಗುತ್ತಿದೆ, ಅಂಗಡಿಯವರು ಅದನ್ನು ‘ರೀ-ರಿಫೈನ್ಡ್’ ಅನ್ನುತ್ತಾರೆ, ನಿಮ್ಮ ಗ್ಯಾರೇಜಿನ ಮೇಸ್ತ್ರಿ ‘ಸುಟ್ಟ ಆಯಿಲನ್ನೇ ಸೋಸಿ ಕೊಡ್ತಾರೆ ಸಾರ್, ಹಾಕಿಸಬೇಡಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ. ಮನೆಯಲ್ಲಿ ಒಂದು ಬೈಕು, ಒಂದು ಸ್ಕೂಟರು, ತರಕಾರಿ ಸಾಗಿಸುವ ಡೀಸೆಲ್ ಪಿಕಪ್ಪು ಇರುವವರಿಗೆ ಆಯಿಲಿನ ಖರ್ಚು ಸಣ್ಣದಲ್ಲ, ಗೊತ್ತು. ಉತ್ತರ ಉದ್ದವಾಗಿದೆ, ಬಿಡುವಾದಾಗ ಓದಿ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸರಿಯಾಗಿ ಮರುಶುದ್ಧಿ ಮಾಡಿ, ಸರಿಯಾದ ದರ್ಜೆಗೆ ತಂದ ಎಣ್ಣೆ ಹೊಸ ಎಣ್ಣೆಯಷ್ಟೇ ಒಳ್ಳೆಯದು. ಅದನ್ನು ನಾನು ಯಾವ ಅಳುಕೂ ಇಲ್ಲದೆ ಹಾಕಿಸುತ್ತೇನೆ. ಆದರೆ ಮೇಸ್ತ್ರಿ ಹೇಳುವ ಸೋಸಿದ ಎಣ್ಣೆಯೂ ನಮ್ಮ ಪೇಟೆಗಳಲ್ಲಿ ಇದೆ. ಎರಡೂ ಒಂದೇ ತರಹದ ಪ್ಲಾಸ್ಟಿಕ್ ಡಬ್ಬದಲ್ಲಿ ಬರುತ್ತವೆ. ಹಾಗಾಗಿ ನಾನು ಹೆದರುವುದು ಗುರುತಿಲ್ಲದ ಎಣ್ಣೆಗೆ. ಅದು ಮೊದಲು ಎಷ್ಟು ಎಂಜಿನ್ ಸುತ್ತಿ ಬಂತು ಎಂಬುದು ನನ್ನ ಚಿಂತೆಯಲ್ಲ.

ಆಯಿಲ್ ಹಳತಾಯಿತು ಅನ್ನುತ್ತೇವಲ್ಲ, ಹಾಗೆಂದರೇನು ಎಂಬುದನ್ನು ಮೊದಲು ನೋಡೋಣ. ಡಬ್ಬದಲ್ಲಿರುವುದರಲ್ಲಿ ನೂರಕ್ಕೆ 75ರಿಂದ 90 ಪಾಲು ಬೇಸ್ ಆಯಿಲ್, ಅಂದರೆ ಮೂಲ ಎಣ್ಣೆ. ಉಳಿದದ್ದು ಅಡಿಟಿವ್‌ಗಳು: ಲೋಹಕ್ಕೆ ಲೋಹ ತಿಕ್ಕಿ ಸವೆಯದಂತೆ ತಡೆಯುವ ಸತುವಿನ ಸಂಯುಕ್ತ, ಆಮ್ಲವನ್ನು ಅಡಗಿಸುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು, ಮಸಿ ಗಂಟುಕಟ್ಟದಂತೆ ತೇಲಿಸಿಡುವ ವಸ್ತು, ಬಿಸಿಯೇರಿದಾಗ ಎಣ್ಣೆ ತೀರಾ ತೆಳ್ಳಗಾಗದಂತೆ ನೋಡಿಕೊಳ್ಳುವ ಪಾಲಿಮರ್. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಮುಖ್ಯವಾಗಿ ಖರ್ಚಾಗುವುದು ಈ ಅಡಿಟಿವ್‌ಗಳೇ. ಮೂಲ ಎಣ್ಣೆ ಬಹುಪಾಲು ಹಾಗೇ ಇರುತ್ತದೆ. ಆದರೆ ಅದರೊಳಗೆ ಮಸಿ, ನೀರು, ಉರಿಯದೆ ಇಳಿದ ಪೆಟ್ರೋಲ್ ಅಥವಾ ಡೀಸೆಲ್, ಆಮ್ಲ, ಕಬ್ಬಿಣ-ತಾಮ್ರದ ನುಣ್ಣನೆಯ ಪುಡಿ ಎಲ್ಲ ಸೇರಿಕೊಂಡಿರುತ್ತವೆ.

ಪಿಕಪ್ಪಿನ ಆಯಿಲ್ ಹಾಕಿಸಿದ ವಾರದಲ್ಲೇ ಕಪ್ಪಾಗುತ್ತದೆ ಎಂದು ನೀವು ನೊಂದುಕೊಂಡಿದ್ದೀರಿ. ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ. ಮಸಿಯನ್ನು ಎಂಜಿನ್ನಿನ ಒಳಮೈಗೆ ಅಂಟಲು ಬಿಡದೆ ಎಣ್ಣೆ ತನ್ನಲ್ಲೇ ಹಿಡಿದಿಟ್ಟುಕೊಂಡಿದೆ, ಅಷ್ಟೆ. ಬಣ್ಣ ನೋಡಿ ಎಣ್ಣೆಯ ಗುಣ ಹೇಳಲಾಗುವುದಿಲ್ಲ. ಅಂಗಡಿಯಲ್ಲಿ ತೋರಿಸುವ ಹೊಳೆಯುವ ಜೇನುಬಣ್ಣಕ್ಕೂ ಮರುಳಾಗಬೇಡಿ. ಬಣ್ಣ ಬೆರೆಸುವುದು ಕಷ್ಟದ ಕೆಲಸವಲ್ಲ.

ಈಗ ಸೋಸುವುದಕ್ಕೂ ಮರುಶುದ್ಧಿಗೂ ಇರುವ ಅಂತರ. ಹಳೇ ಆಯಿಲನ್ನು ಡ್ರಮ್ಮಿನಲ್ಲಿ ದಿನಗಟ್ಟಲೆ ಇಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲೋ ಫಿಲ್ಟರಿನಲ್ಲೋ ಇಳಿಸಿದರೆ ದಪ್ಪ ಕೊಳೆ ಹೋಗುತ್ತದೆ. ಎಣ್ಣೆಯಲ್ಲಿ ಕರಗಿರುವ ಆಮ್ಲ ಹೋಗುವುದಿಲ್ಲ, ಬೆರೆತ ಡೀಸೆಲ್ ಹೋಗುವುದಿಲ್ಲ, ಫಿಲ್ಟರಿನ ಕಣ್ಣಿಗಿಂತ ಸಣ್ಣದಾದ ಮಸಿ ಹೋಗುವುದಿಲ್ಲ, ತೀರಿಹೋದ ಅಡಿಟಿವ್ ವಾಪಸು ಬರುವುದಿಲ್ಲ. ಮೇಸ್ತ್ರಿ ಬೇಡವೆಂದದ್ದು ಇದನ್ನೇ.

ಮರುಶುದ್ಧಿ ಕಾರ್ಖಾನೆಯ ಕೆಲಸ. ಮೊದಲು ಕಾಯಿಸಿ ನೀರನ್ನೂ, ಬೇಗ ಆವಿಯಾಗುವ ಪೆಟ್ರೋಲ್-ಡೀಸೆಲ್ ಅಂಶವನ್ನೂ ಹಾರಿಸುತ್ತಾರೆ. ಆಮೇಲಿನದು ನಿರ್ವಾತ ಬಟ್ಟಿ ಇಳಿಸುವಿಕೆ. ಎಣ್ಣೆಯನ್ನು ತೆರೆದ ಗಾಳಿಯ ಒತ್ತಡದಲ್ಲಿ ಕುದಿಯುವಷ್ಟು ಕಾಯಿಸಿದರೆ ಅದರ ಅಣುಗಳೇ ಒಡೆದುಹೋಗುತ್ತವೆ. ಪಾತ್ರೆಯೊಳಗಿನ ಗಾಳಿಯನ್ನು ಹೀರಿ ಒತ್ತಡ ತಗ್ಗಿಸಿದರೆ ಕಡಿಮೆ ಬಿಸಿಯಲ್ಲೇ ಆವಿಯಾಗಿ ಮೇಲೇರುತ್ತದೆ. ಆ ಆವಿಯನ್ನು ತಣಿಸಿ ಹಿಡಿದರೆ ಸಿಗುವುದು ಮೂಲ ಎಣ್ಣೆ. ಲೋಹದ ಪುಡಿ, ಮಸಿ, ಸತ್ತ ಅಡಿಟಿವ್ ಎಲ್ಲ ಡಾಂಬರಿನಂತೆ ಅಡಿಯಲ್ಲಿ ಉಳಿಯುತ್ತವೆ. ಅದೂ ರಸ್ತೆಯ ಡಾಂಬರಿಗೆ, ಚಾವಣಿಗೆ ಹಾಸುವ ಹಾಳೆಗೆ ಸೇರಬಲ್ಲದು. ಒಳ್ಳೆಯ ಕಾರ್ಖಾನೆಯಲ್ಲಿ ಇನ್ನೂ ಒಂದು ಹಂತ ಇರುತ್ತದೆ. ಹೆಚ್ಚಿನ ಬಿಸಿ ಮತ್ತು ಒತ್ತಡದಲ್ಲಿ ಹೈಡ್ರೋಜನ್ ಅನಿಲವನ್ನು ಎಣ್ಣೆಯೊಡನೆ ವೇಗವರ್ಧಕದ ಮೇಲೆ ಹಾಯಿಸುತ್ತಾರೆ. ಗಂಧಕ, ಸಾರಜನಕ, ಕ್ಲೋರಿನ್ ಕಳಚಿಕೊಂಡು ಎಣ್ಣೆ ನೀರಿನಂತೆ ತಿಳಿಯಾಗುತ್ತದೆ. ಕಚ್ಚಾತೈಲದಿಂದ ಬಂದ ಬೇಸ್ ಆಯಿಲನ್ನು ಶುದ್ಧಿ ಮಾಡುವ ಕ್ರಮವೂ ಇದೇ. ಅಕ್ಕಸಾಲಿಗನ ಮೂಸೆಯಿಂದ ಕರಗಿ ಬಂದ ಚಿನ್ನ ಮೊದಲು ಯಾರ ಕೊರಳಲ್ಲಿತ್ತು ಎಂದು ನಾವು ಕೇಳುವುದಿಲ್ಲ. ಈ ಎಣ್ಣೆಯ ವಿಷಯದಲ್ಲೂ ಕೇಳಬೇಕಾಗಿಲ್ಲ.

ಇನ್ನೂ ಒಂದು ಮಾತಿದೆ, ಬಹಳ ಜನ ಇದನ್ನು ಗಮನಿಸಿಲ್ಲ. ಇಂದಿನ ವಾಹನಗಳಿಂದ ಇಳಿಯುವ ಹಳೇ ಆಯಿಲ್ ಒಮ್ಮೆ ಉತ್ತಮ ಕಾರ್ಖಾನೆಯಲ್ಲಿ ಶುದ್ಧಿಯಾಗಿ ಬಂದದ್ದೇ. ಅದನ್ನು ಮತ್ತೆ ಹೈಡ್ರೋಜನ್ ಹಂತ ದಾಟಿಸಿದಾಗ ಸಿಗುವ ಬೇಸ್ ಆಯಿಲ್, ಹಳೆಯ ವಿಧಾನದಲ್ಲಿ ಕಚ್ಚಾತೈಲದಿಂದ ತೆಗೆದ ಗ್ರೂಪ್ 1 ದರ್ಜೆಯ ಎಣ್ಣೆಗಿಂತ ಮೇಲಿನ ಗ್ರೂಪ್ 2 ದರ್ಜೆಯಲ್ಲಿ ನಿಲ್ಲಬಲ್ಲದು. ಲಾಭದ ಲೆಕ್ಕವೂ ದೊಡ್ಡದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವಂತೆ, ಸುಮಾರು 2.4 ಲೀಟರ್ ಎಂಜಿನ್ ಆಯಿಲ್ ಬೇಕೆಂದರೆ ಕಚ್ಚಾತೈಲವಾದರೆ ಒಂದು ಬ್ಯಾರೆಲ್, ಅಂದರೆ 159 ಲೀಟರ್ ಬೇಕು. ಬಳಸಿದ ಎಣ್ಣೆಯಾದರೆ ಒಂದು ಗ್ಯಾಲನ್, ನಾಲ್ಕು ಲೀಟರಿಗೂ ಕಡಿಮೆ ಸಾಕು. ಕಚ್ಚಾತೈಲದ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶಕ್ಕೆ ಇದು ಕಡೆಗಣಿಸುವ ಲೆಕ್ಕವಲ್ಲ.

ಇಷ್ಟಿದ್ದೂ ಜನರಿಗೆ ಅಳುಕು ಯಾಕೆ? ನಮ್ಮಲ್ಲಿ ಮಾತ್ರವಲ್ಲ, ಅಮೆರಿಕದಲ್ಲೂ ಇತ್ತು. 1960ರ ದಶಕದಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಇಂಥ ಎಣ್ಣೆಯ ಡಬ್ಬದ ಮೇಲೆ ಇದು ಹಿಂದೆ ಬಳಸಿದ ಎಣ್ಣೆಯಿಂದ ಆದದ್ದೆಂದು ಅಚ್ಚುಹಾಕಲೇಬೇಕು ಎಂದಿತು. ಕೊಳ್ಳುವವರು ಹಿಂದೆ ಸರಿದರು. ತೆರಿಗೆಯ ಅನುಕೂಲವೂ ತಪ್ಪಿ, ಮರುಶುದ್ಧಿಯ ಉದ್ಯಮ ಸೊರಗಿತು. ಬಳಿಕ ಸರ್ಕಾರದ ಮಾನಕ ಸಂಸ್ಥೆ, ಮರುಶುದ್ಧ ಎಣ್ಣೆ ಹೊಸತಕ್ಕೆ ಸಮವೇ ಎಂದು ತಿಳಿಯುವ ಪರೀಕ್ಷೆಗಳನ್ನು ರೂಪಿಸಿತು. 1993ರಲ್ಲಿ ಅಧ್ಯಕ್ಷ ಕ್ಲಿಂಟನ್ ಸರ್ಕಾರಿ ವಾಹನಗಳಿಗೆ ಇಂಥ ಎಣ್ಣೆ ಕೊಳ್ಳಲು ಉತ್ತೇಜಿಸುವ ಆದೇಶ ಹೊರಡಿಸಿದರು. ಅಂಚೆ ಇಲಾಖೆಯ ಗಾಡಿಗಳು ಇದರಲ್ಲೇ ಓಡಿದವು. 1995ರಲ್ಲಿ ಅದೇ ಕಮಿಷನ್, ಪರೀಕ್ಷೆಯಲ್ಲಿ ಗೆದ್ದ ಎಣ್ಣೆಯನ್ನು ಹೊಸತಕ್ಕೆ ಸಮವೆಂದೇ ಕರೆಯಬಹುದೆಂದು ನಿಯಮ ಮಾಡಿತು. 2011ರಲ್ಲಿ ವಾಲ್ವೊಲಿನ್ ಕಂಪನಿ ಅರ್ಧದಷ್ಟು ಮರುಬಳಕೆಯ ಬೇಸ್ ಆಯಿಲ್ ಇರುವ ಡಬ್ಬವನ್ನು ತನ್ನ ಹೆಸರಿನಲ್ಲೇ ಮಾರುಕಟ್ಟೆಗೆ ತಂದಿತು. ಇಟಲಿ ಇವರೆಲ್ಲರಿಗಿಂತ ಮುಂದಿದೆ: ಹಳೇ ಎಣ್ಣೆ ಒಟ್ಟುಮಾಡಲೆಂದೇ 1984ರಲ್ಲಿ ಒಂದು ಒಕ್ಕೂಟ ಕಟ್ಟಿ, ಇಂದು ಸಿಗುವ ಎಣ್ಣೆಯನ್ನೆಲ್ಲ ಹೆಚ್ಚುಕಡಿಮೆ ಮರುಶುದ್ಧಿಗೇ ಕಳಿಸುತ್ತಿದ್ದಾರೆ.

ನಮ್ಮಲ್ಲಿ ಅಳುಕಿಗೆ ಬೇರೆಯದೇ ಕಾರಣವಿದೆ, ಅದು ನ್ಯಾಯವಾದ ಕಾರಣ. ಹಿಂದೆ ಸಣ್ಣ ಘಟಕಗಳು ಗಂಧಕಾಮ್ಲ ಹಾಕಿ ಕೊಳೆಯನ್ನು ಒಡೆದು, ಜೇಡಿಮಣ್ಣಿನಲ್ಲಿ ಬಣ್ಣ ಹೀರಿಸುತ್ತಿದ್ದವು. ಎಣ್ಣೆಯ ಗುಣ ಒಂದೊಂದು ಸಲ ಒಂದೊಂದು ತರಹ. ಉಳಿಯುತ್ತಿದ್ದ ಆಮ್ಲದ ಕೆಸರು, ಎಣ್ಣೆ ಕುಡಿದ ಮಣ್ಣು ಎಲ್ಲೋ ಹಳ್ಳದ ಪಾಲು. ಈಗ ಪರವಾನಗಿ ಪಡೆಯುವ ಘಟಕ ನಿರ್ವಾತ ಬಟ್ಟಿಯಂಥ ಪರಿಸರಕ್ಕೊಪ್ಪುವ ತಂತ್ರವನ್ನೇ ಬಳಸಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅದೇ ನಿಯಮಗಳಿಗೆ ಹೊಸ ಅಧ್ಯಾಯ ಸೇರಿಸಿತು. ಅದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಆಯಿಲ್ ಮಾರುವ ಕಂಪನಿಯೇ, ತಾನು ಮಾರಿದ್ದರಲ್ಲಿ ಒಂದು ಪಾಲು ಮರುಬಳಕೆಯಾಗುವಂತೆ ನೋಡಿಕೊಳ್ಳಬೇಕು. ಮೊದಲ ವರ್ಷಕ್ಕೆ ನೂರಕ್ಕೆ 5 ಎಂದು ಆರಂಭವಾದ ಈ ಗುರಿ ವರ್ಷವರ್ಷಕ್ಕೆ ಏರುತ್ತಾ ಅರ್ಧಕ್ಕೆ ತಲುಪಬೇಕು. ಅಂದರೆ ಮುಂದಿನ ವರ್ಷಗಳಲ್ಲಿ ನೀವು ಕೊಳ್ಳುವ ದೊಡ್ಡ ಹೆಸರಿನ ಡಬ್ಬದಲ್ಲೂ ಮರುಶುದ್ಧ ಎಣ್ಣೆಯ ಪಾಲು ಹೆಚ್ಚಬಹುದು. ನನಗೆ ಇದು ಸಂತೋಷದ ಸುದ್ದಿ.

ಇನ್ನು ಅಗ್ಗದ ಪ್ರಶ್ನೆ. ಇಲ್ಲಿ ಡಬ್ಬದ ಹಿಂಬದಿ ಓದುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. 10ಡಬ್ಲ್ಯೂ-30, 15ಡಬ್ಲ್ಯೂ-40 ಎಂಬ ಸಂಖ್ಯೆ ಎಣ್ಣೆ ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತದೆ. ಗುಣ ತಿಳಿಯಲು ಎಪಿಐ ಎಂಬ ದರ್ಜೆಯ ಗುರುತಿನ ಮುಂದಿನ ಅಕ್ಷರ ನೋಡಿ. ಪೆಟ್ರೋಲ್ ಎಂಜಿನ್ನಿಗೆ ‘ಎಸ್’ನಿಂದ ಶುರುವಾಗುತ್ತದೆ: ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಡೀಸೆಲ್‌ಗೆ ‘ಸಿ’ ಅಕ್ಷರ: ಸಿಐ-4, ಸಿಕೆ-4 ಹೀಗೆ. ಎಸ್‌ಎ ಎಂದಿದ್ದರೆ ಅದರಲ್ಲಿ ಅಡಿಟಿವ್ವೇ ಇಲ್ಲ. 1930ರ ನಂತರದ ಎಂಜಿನ್ನಿಗೆ ಅದು ತಕ್ಕದ್ದಲ್ಲ. ಎಸ್‌ಎಫ್ 1988ರವರೆಗಿನ ಎಂಜಿನ್ನಿಗೆ. ಇವನ್ನು ಈಗ ಯಾರು ಮಾರುತ್ತಾರೆ ಅನ್ನಿಸಬಹುದು. ಅಮೆರಿಕದ ಒಂದು ದೊಡ್ಡ ಅಗ್ಗದಂಗಡಿಗಳ ಸರಣಿ ತನ್ನದೇ ಹೆಸರಿನಲ್ಲಿ ಇವೆರಡನ್ನೂ ಇಂದಿನ ಎಣ್ಣೆಗಳ ಪಕ್ಕದಲ್ಲೇ ಇಟ್ಟು ಮಾರಿ, ‘ತಕ್ಕದ್ದಲ್ಲ’ ಎಂಬ ಎಚ್ಚರಿಕೆಯನ್ನು ಹಿಂಬದಿಯ ಸಣ್ಣಕ್ಷರದಲ್ಲಿ ಹಾಕಿತ್ತು. ಕೊಂಡವರು ಕೋರ್ಟಿಗೆ ಹೋದರು. 2021ರಲ್ಲಿ ಪರಿಹಾರ ಕೊಡಲು ಒಪ್ಪಿ ರಾಜಿಯಾಯಿತು. ಅಲ್ಲಿನ ದೂರು ಮರುಶುದ್ಧಿಯ ಬಗ್ಗೆ ಆಗಿರಲಿಲ್ಲ, ಕಾಲ ಮೀರಿದ ದರ್ಜೆಯನ್ನು ಅಗ್ಗದ ಹೆಸರಿನಲ್ಲಿ ಮಾರಿದ್ದರ ಬಗ್ಗೆ.

ನಿಮ್ಮ ಬೈಕಿನ ವಿಷಯದಲ್ಲಿ ಇನ್ನೊಂದು ಗುರುತು ನೋಡಲೇಬೇಕು. ಗೇರಿನ ಬೈಕುಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ, ಗೇರ್‌ಬಾಕ್ಸಿಗೂ ಅದೇ ಎಣ್ಣೆ. ಕಾರಿಗೆಂದು ಮಾಡಿದ ಜಾರು ಹೆಚ್ಚಿರುವ ಎಣ್ಣೆ ಹಾಕಿದರೆ ಕ್ಲಚ್ ಹಿಡಿಯದೆ ಜಾರಬಹುದು. ಅದಕ್ಕೇ ಜಪಾನಿನವರು ‘ಜಾಸೊ ಎಂಎ’, ‘ಎಂಎ2’ ಎಂಬ ದರ್ಜೆ ಮಾಡಿದ್ದಾರೆ. ಬೈಕಿಗೆ ಅದು ಬೇಕು. ಗೇರಿಲ್ಲದ ಸ್ಕೂಟರಿನ ಕ್ಲಚ್ ಎಣ್ಣೆಯ ಹೊರಗಿರುವುದರಿಂದ ಅದಕ್ಕೆ ‘ಎಂಬಿ’ ನಡೆಯುತ್ತದೆ. ಪಿಕಪ್ಪಿನಲ್ಲಿ ಉಳಿದದ್ದನ್ನು ಬೈಕಿಗೆ ಸುರಿಯುತ್ತೀರೆಂದು ಬರೆದಿದ್ದೀರಲ್ಲ, ಅದನ್ನು ಇವತ್ತೇ ಬಿಟ್ಟುಬಿಡಿ.

ಪಿಕಪ್ಪು 2020ರ ಏಪ್ರಿಲ್ ನಂತರದ್ದಾದರೆ ಅದು ಬಿಎಸ್-6 ಎಂಬ ಹೊಗೆ ಮಾನಕದ್ದು. ಅಂಥ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಸಾಮಾನ್ಯವಾಗಿ ಇರುತ್ತದೆ. ಹಿಡಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಎಂಜಿನ್ನಿನಲ್ಲಿ ಅಷ್ಟಿಷ್ಟು ಉರಿದುಹೋಗುವ ಆಯಿಲಿನ ಲೋಹದ ಅಂಶ ಬೂದಿಯಾಗಿ ಆ ಜಾಲರಿಯಲ್ಲಿ ಕೂರುತ್ತದೆ. ಬೂದಿ ಮತ್ತೆ ಸುಡುವುದಿಲ್ಲ. ಆದ್ದರಿಂದ ಬೂದಿ ಕಡಿಮೆ ಬರುವ ದರ್ಜೆಯನ್ನೇ ಕಂಪನಿ ಹೇಳಿರುತ್ತದೆ. ಸಿಕೆ-4ರಲ್ಲಿ ಈ ಬೂದಿಯ ಮಿತಿ ನೂರಕ್ಕೆ ಒಂದು. ಲೀಟರಿಗೆ ಉಳಿಸಿದ ಹಣ ಈ ಜಾಲರಿ ಬದಲಿಸುವ ಖರ್ಚಿನ ಮುಂದೆ ಏನೇನೂ ಅಲ್ಲ. ಹಳೆಯ ಬಿಎಸ್-4 ಗಾಡಿಯಾದರೆ ಮ್ಯಾನುಯಲ್ಲಿನಲ್ಲಿ ಹೇಳಿದ ದರ್ಜೆ ಸಾಕು. ದುಬಾರಿ ಸಿಂಥೆಟಿಕ್ ಹಾಕಿಸಲೇಬೇಕೆಂದಿಲ್ಲ.

ಈಗ ನಿಮ್ಮ ಪೇಟೆಯ ಡಬ್ಬವನ್ನು ಕೈಗೆತ್ತಿಕೊಳ್ಳಿ. ತಯಾರಕರ ಹೆಸರು, ಪೂರ್ತಿ ವಿಳಾಸ, ತಯಾರಾದ ತಿಂಗಳು-ವರ್ಷ, ಅಳತೆ, ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರು ಇವೆಯೇ? ಪ್ಯಾಕ್ ಮಾಡಿ ಮಾರುವ ಯಾವ ವಸ್ತುವಿಗೂ ಇವು ಕಾನೂನಿನಂತೆ ಇರಬೇಕು. ಬ್ಯಾಚ್ ನಂಬರಿದೆಯೇ? ಎಪಿಐ ದರ್ಜೆ ಸ್ಪಷ್ಟವಾಗಿ ಬರೆದಿದೆಯೇ, ಇಲ್ಲ ಬರೀ ‘ಹೈ ಪರ್ಫಾರ್ಮೆನ್ಸ್’, ‘ಸೂಪರ್ ಗೋಲ್ಡ್’ ಎಂಬ ಹೊಗಳಿಕೆಯೇ? ಐಎಸ್ 13656 ಎಂಬ ಭಾರತೀಯ ಮಾನಕದ ಗುರುತಿದ್ದರೆ ಇನ್ನೂ ಒಳ್ಳೆಯದು. ಇವೆಲ್ಲ ಇದ್ದು, ದರ್ಜೆ ನಿಮ್ಮ ಮ್ಯಾನುಯಲ್ಲಿಗೆ ಹೊಂದಿದರೆ, ರೀ-ರಿಫೈನ್ಡ್ ಎಂದಿದ್ದರೂ ಹಾಕಿಸಿ, ಚಿಂತೆ ಬೇಡ. ಇದರಲ್ಲಿ ಅರ್ಧ ಇಲ್ಲವೆಂದಾದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಡ್ರಮ್ಮಿನಿಂದ ಅಳೆದು ಕೊಡುವ ಲೂಸ್ ಆಯಿಲ್ ಮಾತ್ರ ಯಾವ ಬೆಲೆಗೂ ಬೇಡ; ಅದರ ಹುಟ್ಟೂರು ಹೇಳುವವರಿಲ್ಲ.

ದೊಡ್ಡ ಹೆಸರಿನ ಡಬ್ಬವನ್ನೂ ಕಣ್ಣುಮುಚ್ಚಿ ನಂಬಬೇಡಿ. ಖಾಲಿ ಡಬ್ಬ ಕೊಂಡು, ಸೋಸಿದ ಎಣ್ಣೆ ತುಂಬಿ, ಮುಚ್ಚಳಕ್ಕೆ ಹೊಸ ಸೀಲು ಒತ್ತುವ ದಂಧೆ ಪೊಲೀಸ್ ದಾಳಿಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಆಯಿಲ್ ಬದಲಿಸಿದ ಮೇಲೆ ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರಿನಿಂದ ತೂತು ಮಾಡಿಸಿ, ಲೇಬಲ್ ಹರಿದು ಬನ್ನಿ. ದುಡ್ಡು ಉಳಿಸಲು ನನಗೆ ಗೊತ್ತಿರುವ ಭದ್ರವಾದ ದಾರಿ ಎಂದರೆ ಸರ್ಕಾರಿ ತೈಲ ಕಂಪನಿಗಳ ಸರ್ವೋ, ಮ್ಯಾಕ್, ಎಚ್‌ಪಿ ಆಯಿಲನ್ನು ಅವರದೇ ಪೆಟ್ರೋಲ್ ಬಂಕಿನಲ್ಲಿ ಬಿಲ್ಲು ಪಡೆದು ಕೊಳ್ಳುವುದು. ಪಿಕಪ್ಪಿಗೆ ದೊಡ್ಡ ಡಬ್ಬ ತೆಗೆದುಕೊಂಡರೆ ಲೀಟರಿನ ಬೆಲೆ ಇನ್ನೂ ಇಳಿಯುತ್ತದೆ. ಸರಿಯಾದ ದರ್ಜೆಯ ಸಾಧಾರಣ ಆಯಿಲನ್ನು ಹೇಳಿದ ಕಿಲೋಮೀಟರಿಗೆ ಬದಲಿಸುವ ಎಂಜಿನ್ನು, ದುಬಾರಿ ಆಯಿಲನ್ನು ಎರಡರಷ್ಟು ಎಳೆಯುವ ಎಂಜಿನ್ನಿಗಿಂತ ಚೆನ್ನಾಗಿ ಬಾಳುತ್ತದೆ. ಬೈಕಿನಲ್ಲಿ ಇರುವುದೇ ಒಂದು ಲೀಟರಿನ ಆಸುಪಾಸು. ಕಾಲು ಭಾಗ ಇಳಿದರೂ ಉಳಿದದ್ದಕ್ಕೆ ಹೊರೆ ಜಾಸ್ತಿ. ಮಟ್ಟಸ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಆಗಾಗ ಅಳತೆ ನೋಡಿ.

ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಬಹಳ ಹೊತ್ತು ಕಾಡಿತು. ಇಳಿಸಿದ ಹಳೇ ಆಯಿಲನ್ನು ತೋಟದ ಬೇಲಿಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುತ್ತೇವೆ, ಮಿಕ್ಕದ್ದನ್ನು ಸೆಂಟ್ರಿಂಗ್ ಶೀಟಿಗೆ ಹಚ್ಚುವವರು ಒಯ್ಯುತ್ತಾರೆ ಎಂದಿದ್ದೀರಿ. ಊರೂರಲ್ಲೂ ಹೀಗೇ ಇದೆ. ಆದರೆ ಆ ಗೂಟದ ಬುಡದ ಮಣ್ಣಿಗೆ ಮಳೆಗಾಲದಲ್ಲಿ ಇಳಿಯುವುದು ಮಸಿ, ಲೋಹ ಮತ್ತು ಕ್ಯಾನ್ಸರ್ ತರಬಲ್ಲ, ಆರೊಮ್ಯಾಟಿಕ್ ಎಂಬ ಬಗೆಯ ಹೈಡ್ರೋಕಾರ್ಬನ್‌ಗಳು. ಒಂದು ಗ್ಯಾಲನ್ ಹಳೇ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಅದೇ ಪರಿಸರ ಸಂಸ್ಥೆ ಹೇಳುತ್ತದೆ. ನಿಮ್ಮ ಬಾವಿ ಅದೇ ತೋಟದಲ್ಲಿದೆ. ಗೂಟಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಬಳಿಯಿರಿ. ಮರ ಉಳಿಸಲು ಅದು ಬಹಳ ಹಿಂದಿನಿಂದ ಬಳಕೆಯಲ್ಲಿದೆ.

ಹಳೇ ಎಣ್ಣೆ ಯಾರ ಕೈಗೋ ಹೋದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಮಿಸೌರಿ ರಾಜ್ಯದ ಟೈಮ್ಸ್ ಬೀಚ್ ಎಂಬ ಊರಿದೆ, ಇತ್ತು ಅನ್ನಬೇಕು. 1970ರ ದಶಕದಲ್ಲಿ ಮಣ್ಣುರಸ್ತೆಯ ಧೂಳು ಅಡಗಲೆಂದು ಅಲ್ಲಿ ಹಳೇ ಎಣ್ಣೆ ಸಿಂಪಡಿಸಿದರು. ಎಣ್ಣೆ ತಂದುಕೊಟ್ಟ ಗುತ್ತಿಗೆದಾರ ಅದಕ್ಕೆ ಒಂದು ರಾಸಾಯನಿಕ ಕಾರ್ಖಾನೆಯ ಕೊಳೆಯನ್ನೂ ಬೆರೆಸಿದ್ದ. ಅದರಲ್ಲಿ ಡಯಾಕ್ಸಿನ್ ವಿಷವಿತ್ತು. ಅದೇ ಎಣ್ಣೆ ಸಿಂಪಡಿಸಿದ ಬೇರೆ ಕಡೆಯ ಲಾಯಗಳಲ್ಲಿ ಕುದುರೆಗಳು ಸತ್ತವು. 1982ರ ಡಿಸೆಂಬರಿನ ನೆರೆಯ ಹೊತ್ತಿಗೆ ವಿಷದ ಸುದ್ದಿ ಖಚಿತವಾಯಿತು. 1983ರಲ್ಲಿ ಸರ್ಕಾರವೇ ಇಡೀ ಊರನ್ನು ಕೊಂಡು, ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬೇರೆಡೆಗೆ ಕಳಿಸಿತು. ಕಪ್ಪು ಎಣ್ಣೆಯೊಳಗೆ ಏನನ್ನು ಬೇಕಾದರೂ ಅಡಗಿಸಬಹುದು. ಗ್ಯಾರೇಜಿನ ಡ್ರಮ್ಮಿನಿಂದ ಕಾರ್ಖಾನೆಯವರೆಗೆ ಅದು ಯಾರ್ಯಾರ ಕೈ ದಾಟಿತು ಎಂಬುದಕ್ಕೆ ಲೆಕ್ಕ ಬೇಕು ಅನ್ನುವುದು ಇದಕ್ಕೇ.

ನಿಮ್ಮ ಮೇಸ್ತ್ರಿ ಒಳ್ಳೆಯ ಮನುಷ್ಯರಂತೆ ಕಾಣುತ್ತಾರೆ. ಅವರ ಹತ್ತಿರ ಎರಡು ಮಾತು ಆಡಿ. ಡ್ರಮ್ಮಿನ ಎಣ್ಣೆಗೆ ಬ್ರೇಕ್ ಆಯಿಲ್, ಕೂಲೆಂಟ್, ತಿನ್ನರ್ ಏನನ್ನೂ ಬೆರೆಸದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವ ಸಂಗ್ರಹಕಾರರಿಗೇ ಕೊಡಲಿ. ಯಾರಿಗೆ ಅನುಮತಿಯಿದೆ ಎಂಬುದನ್ನು ಮಂಡಳಿಯ ಕಚೇರಿಯಲ್ಲಿ ಕೇಳಬಹುದು. ಅಕ್ಕಪಕ್ಕದ ನಾಲ್ಕು ಗ್ಯಾರೇಜಿನವರು ಕೂಡಿದರೆ ಸಂಗ್ರಹದ ಗಾಡಿ ಬರುವುದೂ ಸುಲಭ. ಎರಡನೆಯದು, ಡ್ರೈನ್ ಬೋಲ್ಟ್ ಬಿಚ್ಚುವ ಹುಡುಗ ಬರಿಗೈಯಲ್ಲಿ ಆ ಬಿಸಿ ಎಣ್ಣೆ ಹಿಡಿಯಬಾರದು. ವರ್ಷಗಟ್ಟಲೆ ಚರ್ಮಕ್ಕೆ ತಾಗಿದರೆ ಅದು ಕ್ಯಾನ್ಸರಿಗೆ ದಾರಿ ಮಾಡಬಹುದು. ನೈಟ್ರೈಲ್ ಕೈಗವಸಿನ ಒಂದು ಪೆಟ್ಟಿಗೆಯನ್ನು ನೀವೇ ಕೊಂಡುಕೊಟ್ಟರೂ ಸರಿ. ಈ ಸಲ ಆಯಿಲಿನಲ್ಲಿ ಉಳಿಸುವ ದುಡ್ಡಿನಲ್ಲಿ ಅದು ಬರುತ್ತದೆ.

ಪೇಟೆಯ ಆ ಡಬ್ಬದ ಹಿಂಬದಿಯ ಫೋಟೊ ತೆಗೆದು ಕಳಿಸಿ, ಜೊತೆಗೆ ಮೂರೂ ಗಾಡಿಗಳ ಮ್ಯಾನುಯಲ್ಲಿನಲ್ಲಿ ಆಯಿಲ್ ದರ್ಜೆ ಬರೆದಿರುವ ಪುಟದ್ದೂ ಇರಲಿ. ಪಿಕಪ್ಪು ಬಿಎಸ್-4ರದೋ ಬಿಎಸ್-6ರದೋ ಎಂಬುದು ಆರ್‌ಸಿಯಲ್ಲಿರುತ್ತದೆ, ಅದನ್ನೂ ತಿಳಿಸಿ. ಯಾವುದಕ್ಕೆ ಯಾವುದು ಹಾಕಿಸಬಹುದೆಂದು ಒಂದೊಂದಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಬೈಕಿಗೆ ಪಿಕಪ್ಪಿನ ಆಯಿಲ್ ಬೇಡ.



ಇಂತಿ,
ನಿಮ್ಮ ಪ್ರೀತಿಯ ಗೆಳೆಯ